ಬೇನೆಯ ಮೊದಲ ಗಳಿಗೆಗಳು



ಇತಿಹಾಸವೆಂದರೆ ಅರಸರು, ಯುದ್ಧಗಳು ಎಂದೇ ನೀವು ಓದಿರುತ್ತೀರಿ. ನಾವೆಲ್ಲರೂ ಹುಟ್ಟಿಬಂದ ಬಗೆಗೂ ಒಂದು ಇತಿಹಾಸವಿದೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆಭೂಮಿ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಹೂತುಹೋಗುವಂಥ ಮಣ್ಣು. ಕಲಘಟಗಿಯದು ಕಾಡಿನಂಚು. ಇಂಥ ಊರುಗಳಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಬೇನೆ ಕಾಣಿಸಿಕೊಂಡರೆ ಮೊದಲು ಕರೆ ಹೋಗುತ್ತಿದ್ದುದು ಸೂಲಗಿತ್ತಿಗೆ.

ಆರಂಭದ ಬೇನೆಯಲ್ಲಿ ಗರ್ಭಕೋಶದ ಬಾಯಿ ನಿಧಾನವಾಗಿ ಮೆತ್ತಗಾಗಿ ತೆರೆದುಕೊಳ್ಳುತ್ತದೆ. ಚೊಚ್ಚಲಾದರೆ ಇದಕ್ಕೆ ಇಡೀ ರಾತ್ರಿಯೇ ಬೇಕಾಗಬಹುದು. ಅನುಭವಸ್ಥ ಸೂಲಗಿತ್ತಿ ಅವಸರಪಡುತ್ತಿರಲಿಲ್ಲ. ನಡೆದಾಡಿಸುವುದು, ಗಂಜಿ ಕುಡಿಸುವುದು, ಸೊಂಟ ತಿಕ್ಕುವುದು, ಧೈರ್ಯ ಹೇಳುವುದು, ಇಷ್ಟೇ ಅವಳ ಕೆಲಸ. ಆ ಕಾಯುವಿಕೆಯೇ ಒಂದು ವಿದ್ಯೆ.

ಆದರೆ ಎಲ್ಲವೂ ಒಳ್ಳೆಯದಿತ್ತೆಂದು ತಿಳಿಯಬೇಡಿ. ಹೊತ್ತಿಗೆ ಮುಂಚೆ ಮುಕ್ಕಿಸುವುದು, ಹೊಟ್ಟೆ ಒತ್ತುವುದು, ಶುಚಿಯಿಲ್ಲದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ಯುವುದು ಜೀವಕ್ಕೆ ಮುಳುವಾಗುತ್ತಿದ್ದವು. ಕೂಸಿಗೆ ಧನುರ್ವಾಯು ತಗಲುತ್ತಿತ್ತು. ಮಗು ಅಡ್ಡವಾದರೆ ಸೂಲಗಿತ್ತಿಯ ಬಳಿ ಹೆಚ್ಚಿನ ಉಪಾಯವಿರುತ್ತಿರಲಿಲ್ಲ.

ಈ ಕೊರತೆ ನೀಗಲು 1885ರಲ್ಲಿ ಲೇಡಿ ಡಫರಿನ್ ನಿಧಿಯೂ, 1903ರಲ್ಲಿ ಸೂಲಗಿತ್ತಿಯರ ತರಬೇತಿಗಾಗಿ ವಿಕ್ಟೋರಿಯಾ ಸ್ಮಾರಕ ನಿಧಿಯೂ ಹುಟ್ಟಿದವು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಬಂದವು. ಹೆರಿಗೆ ಆಸ್ಪತ್ರೆಗೆ ಸಾಗಿತು. ಅನೇಕ ಜೀವಗಳು ಉಳಿದವು.

ಆಸ್ಪತ್ರೆಗೆ ಹೋದ ತಾಯಿ ಒಂದನ್ನು ಕಳೆದುಕೊಂಡಳು. ತವರಿನವರು ಬಾಗಿಲ ಹೊರಗೆ ಉಳಿದರು, ಗಡಿಯಾರ ಒಳಗೆ ಬಂದಿತು. 1954ರಲ್ಲಿ ಅಮೆರಿಕದ ವೈದ್ಯ ಫ್ರೀಡ್‌ಮನ್ ಬೇನೆಯ ವೇಗವನ್ನು ನಕ್ಷೆಯಲ್ಲಿ ತೋರಿಸಿದರು. ಮುಂದೆ, ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕೆಂಬುದು ಹಲವೆಡೆ ನಿಯಮವೇ ಆಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತಿದ್ದಿತು: ಐದು ಸೆಂಟಿಮೀಟರ್‌ವರೆಗಿನ ಆರಂಭದ ಹಂತಕ್ಕೆ ಗೊತ್ತಾದ ಅವಧಿಯಿಲ್ಲ, ತಾಯಿ, ಮಗು ಕ್ಷೇಮವಿದ್ದರೆ ಅವಸರ ಬೇಡ, ಅವಳು ಬಯಸಿದವರು ಜೊತೆಗಿರಲಿ, ಅವಳು ಓಡಾಡಲಿ, ಕುಡಿಯಲಿ. ಅದೇ ವರ್ಷ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದುದು ಎಷ್ಟು ಉಚಿತ!

ಕಾಯುವುದು ಹೇಗೆಂದು ಸೂಲಗಿತ್ತಿ ಕಲಿಸಿದಳು. ಯಾವಾಗ ಕಾಯಬಾರದೆಂದು ವೈದ್ಯಶಾಸ್ತ್ರ ಕಲಿಸಿತು. ರಕ್ತ ಹೋದರೆ, ನೆತ್ತಿನೀರು ಒಡೆದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಇವೆರಡೂ ಕೂಡಿದರೆ ಮಾತ್ರ ತಾಯಿಗೆ ಕ್ಷೇಮ.

ನಿಮ್ಮೂರಿನ ಅಜ್ಜಿಯರನ್ನು ಕೇಳಿರಿ, ಬರೆದಿಟ್ಟುಕೊಳ್ಳಿರಿ. ಅವರಲ್ಲಿರುವ ಈ ಇತಿಹಾಸ ಯಾವ ದಫ್ತರದಲ್ಲಿಯೂ ಸಿಗದು.