ದೊಡ್ಡ ಸ್ವಾಮಿಯವರ ನೆನಪು



ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಸಿ.ವಿ. ರಾಮನ್ ನಗರದಿಂದ ನಾವು ಶಿವಾಜಿನಗರದ ಬೆಸಿಲಿಕಾಗೆ ಹೋಗುತ್ತೇವೆ. ಅಲ್ಲಿ ಹಿಂದೆ ಪುಟ್ಟ ದೇವಾಲಯ ಕಟ್ಟಿಸಿದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಆದರೆ ಅವರ ಬದುಕು ಸವೆದದ್ದು ಹಳ್ಳಿಗಳಲ್ಲಿ.

1799ರಲ್ಲಿ ಟಿಪ್ಪು ಮಡಿದ ಬಳಿಕ, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅವರು ಶ್ರೀರಂಗಪಟ್ಟಣಕ್ಕೆ ಬಂದರು. ಹಾಸನದ ಸಾತಳ್ಳಿಯಲ್ಲಿ ಬಡ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಈ ನಾಡಿನವರಂತೆಯೇ ಉಟ್ಟು ಉಂಡರು. 1803-04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಜನ ‘ದೊಡ್ಡ ಸ್ವಾಮಿಯೋರು’ ಎಂದು ಕರೆದರು.

1823ರಲ್ಲಿ ಈ ನೆಲ ಬಿಡುವಾಗ ಅವರ ಮನದಲ್ಲಿದ್ದುದು ನಿರಾಶೆ: ಇಲ್ಲಿ ವಿಶ್ವಾಸ ಬೆಳೆಯದೆಂದೇ ಬರೆದರು. 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಸಾತಳ್ಳಿ ಇಂದಿಗೂ ಧರ್ಮಕೇಂದ್ರ. ಬಿತ್ತಿದವರು ಕಾಣದ ಫಸಲು ನಾವು, ಅವರಿಗಾಗಿ ಪ್ರಾರ್ಥಿಸೋಣ.