ರಿಲೇ: ವಿದ್ಯುತ್ ಜಾಲದ ಕಾವಲಿನ ಇತಿಹಾಸ

ರಿಲೇ ಎಂದರೆ ಒಂದು ವಿದ್ಯುತ್ ಮಂಡಲದ ಸಂಕೇತಕ್ಕೆ ಓಗೊಟ್ಟು ಇನ್ನೊಂದು ಮಂಡಲವನ್ನು ಕೂಡಿಸುವ ಇಲ್ಲವೇ ಕಡಿಯುವ ಸಾಧನ. ಹಳೆಯ ಮಾದರಿಯಲ್ಲಿ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ತಾಮ್ರದ ಕಾಯಿಲ್, ಅದರ ಮುಂದೆ ಸ್ಪ್ರಿಂಗ್ ಎಳೆದು ಹಿಡಿದ ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಯಲ್ಲಿ ಕಾಂಟ್ಯಾಕ್ಟ್ ಇರುತ್ತವೆ. ಕಾಯಿಲಿನಲ್ಲಿ ಅಲ್ಪ ವಿದ್ಯುತ್ ಹರಿದರೆ ಪಟ್ಟಿ ಅಯಸ್ಕಾಂತಕ್ಕೆ ಅಂಟುತ್ತದೆ, ಕಾಂಟ್ಯಾಕ್ಟ್ ಕೂಡಿ ದೊಡ್ಡ ವಿದ್ಯುತ್ ಹರಿಯುತ್ತದೆ. ಬೈಕಿನ ಹಾರ್ನ್ ರಿಲೇ ಕೆಲಸ ಮಾಡುವುದೂ ಹೀಗೆಯೇ.

ಕಾಪು ತಾಲೂಕಿನ ಎಲ್ಲೂರಿನಲ್ಲಿರುವ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ ರಿಲೇಯ ಕೆಲಸ ಬೇರೆ. ಅಲ್ಲಿ ಅದು ಅಳೆಯುತ್ತದೆ, ತೀರ್ಮಾನಿಸುತ್ತದೆ. ಪತ್ರಿಕಾ ವರದಿಗಳು ರಿಲೇಯನ್ನೂ ಸರ್ಕ್ಯೂಟ್ ಬ್ರೇಕರನ್ನೂ ಒಂದೇ ಎಂಬಂತೆ ಬರೆಯುವುದುಂಟು. ತಂತಿಯನ್ನು ಕಡಿಯುವುದು ಬ್ರೇಕರ್, ಕಡಿ ಎಂದು ಆಜ್ಞೆ ಕೊಡುವುದು ರಿಲೇ. ಭಾರತದ ಜಾಲ ನಿಯಮಗಳ ಪ್ರಕಾರ 400 ಕಿಲೋವೋಲ್ಟ್ ಮಾರ್ಗದಲ್ಲಿ ದೋಷ ಕಂಡರೆ ಎರಡೂ ಸೇರಿ 100 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಸಬೇಕು.

ರಿಲೇಯನ್ನು ಮೊದಲು ಮಾಡಿದವರು ಯಾರೆಂಬ ವಿವಾದ ಇನ್ನೂ ತೀರಿಲ್ಲ. ಬಹುತೇಕ ಪಠ್ಯಗಳು 1835ರ ಜೋಸೆಫ್ ಹೆನ್ರಿಯನ್ನು ಹೆಸರಿಸುತ್ತವೆ. ಪ್ರಿನ್ಸ್‌ಟನ್ನಿನಲ್ಲಿ ಆತ ಒಂದು ಅಯಸ್ಕಾಂತದಿಂದ ಇನ್ನೊಂದು ಬಲಿಷ್ಠ ಅಯಸ್ಕಾಂತದ ಮಂಡಲವನ್ನು ಕಡಿದು ತೋರಿಸಿದ, ಆದರೆ ಪೇಟೆಂಟ್ ಪಡೆಯಲಿಲ್ಲ. ದೂರದಿಂದ ಬಂದು ಸೊರಗಿದ ತಂತಿ ಸಂಕೇತಕ್ಕೆ ಹೊಸ ಬಲ ತುಂಬುವ ಉಪಕರಣವನ್ನು 1838ರ ಪೇಟೆಂಟಿನಲ್ಲಿ ವಿವರಿಸಿದವನು ಲಂಡನ್ನಿನ ಎಡ್ವರ್ಡ್ ಡೇವಿ. ಮರುವರ್ಷವೇ ಆತ ಆಸ್ಟ್ರೇಲಿಯಾಕ್ಕೆ ವಲಸೆ ಹೋದದ್ದರಿಂದ ಅವನ ಹಕ್ಕಿನ ಪರ ವಾದಿಸುವವರು ಕಡಿಮೆಯಾದರು. 1837ರಲ್ಲಿ ಹೆನ್ರಿ ಲಂಡನ್ನಿನಲ್ಲಿ ಟೆಲಿಗ್ರಾಫ್ ಸಂಶೋಧಕ ವೀಟ್‌ಸ್ಟನ್‌ನನ್ನು ಕಂಡು ಮಾತಾಡಿದ್ದು ದಾಖಲೆಯಲ್ಲಿದೆ. ಮೋರ್ಸ್‌ನ ತಂತಿಯೂ ಇದೇ ತತ್ತ್ವವನ್ನು ಬಳಸಿತು. ತತ್ತ್ವ ಹೆನ್ರಿಯದು, ತಂತಿ ಮಾರ್ಗದ ಉಪಕರಣ ಡೇವಿಯದು, ಹಬ್ಬಿಸಿದ ಕೀರ್ತಿ ಮೋರ್ಸ್‌ನದು ಎನ್ನುವ ಹಂಚಿಕೆ ದಾಖಲೆಗಳಿಗೆ ಹೆಚ್ಚು ಹೊಂದುತ್ತದೆ.

ದೂರವಾಣಿಯ ಅಧ್ಯಾಯ ಪರಿಚಿತವಾದದ್ದು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ತಯಾರಿಸಿದ ಸ್ಟ್ರೌಜರ್ ವಿನಿಮಯ ಕೇಂದ್ರಗಳು ರಿಲೇಗಳ ಟಕಟಕ ಸದ್ದಿನ ಮೇಲೆಯೇ ನಡೆದವು. 1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್‌ನ ಗ್ರಾಮೀಣ ಡಿಜಿಟಲ್ ಕೇಂದ್ರ ನೆಲೆಗೊಂಡ ಮೇಲೆ ಆ ಸದ್ದು ಅಡಗತೊಡಗಿತು.

ವಿದ್ಯುತ್ ರಕ್ಷಣೆಯ ಕಥೆಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ 147 ಕಿಲೋಮೀಟರ್ ತಂತಿ ಎಳೆದದ್ದನ್ನು ಕರ್ನಾಟಕದ ವಿದ್ಯುತ್ ಇತಿಹಾಸಗಳೆಲ್ಲ ಹೇಳುತ್ತವೆ. ತಂತಿ ಹರಿದರೆ ಅದನ್ನು ಕಡಿದು ಕಾಯುವ ಬಗೆಯನ್ನು ಹೇಳುವವು ವಿರಳ. ರಕ್ಷಣಾ ರಿಲೇ ಜಗತ್ತಿನಲ್ಲೇ ಆಗಿನ್ನೂ ಎಳೆಯದು. ಒಂದು ಯಂತ್ರಕ್ಕೆ ಒಳಬರುವ ಮತ್ತು ಹೊರಹೋಗುವ ಕರೆಂಟನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಮಾತ್ರ ಟ್ರಿಪ್ ಮಾಡುವ ಡಿಫರೆನ್ಷಿಯಲ್ ವಿಧಾನಕ್ಕೆ ಮರ್ಜ್ ಮತ್ತು ಪ್ರೈಸ್ ಪೇಟೆಂಟ್ ಪಡೆದದ್ದು 1904ರಲ್ಲಿ. ಟ್ರಾನ್ಸ್‌ಫಾರ್ಮರಿನ ಎಣ್ಣೆಯೊಳಗೆ ಹುಟ್ಟುವ ಅನಿಲವನ್ನು ಹಿಡಿದು ಎಚ್ಚರಿಸುವ ಬುಖ್‌ಹೋಲ್ಜ್ ರಿಲೇ ಬಂದದ್ದು 1921ರಲ್ಲಿ. ಕರೆಂಟ್ ಹೆಚ್ಚಿದಷ್ಟೂ ಬೇಗ ತಿರುಗುವ ತಟ್ಟೆಯ ಓವರ್‌ಕರೆಂಟ್ ರಿಲೇ ನಮ್ಮ ಸಬ್‌ಸ್ಟೇಷನ್ನುಗಳಲ್ಲಿ ದಶಕಗಳ ಕಾಲ ಆಳಿತು. ಮದರಾಸಿನ ಪಲ್ಲಾವರಂನ ಇಂಗ್ಲಿಷ್ ಎಲೆಕ್ಟ್ರಿಕ್ ಕಾರ್ಖಾನೆಯ ‘ಸಿಡಿಜಿ’ ಮಾದರಿ ವಿದ್ಯುತ್ ಇಲಾಖೆಯ ಹಿರಿಯರಿಗೆ ಮನೆಮಾತು.

ಎಲ್ಲೂರಿನ ಸ್ಥಾವರದ ಮೊದಲ 600 ಮೆಗಾವಾಟ್ ಘಟಕ ನವೆಂಬರ್ 2010ರಲ್ಲಿ, ಎರಡನೆಯದು ಆಗಸ್ಟ್ 2012ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. 2015ರಲ್ಲಿ ಅದು ಲ್ಯಾಂಕೋದಿಂದ ಅದಾನಿ ಸಮೂಹದ ಕೈಗೆ ಬಂತು. ಇಲ್ಲಿನ ವಿದ್ಯುತ್ 220 ಕಿಲೋವೋಲ್ಟ್ ಮಾರ್ಗದಲ್ಲಿ ಕೆಮಾರಿಗೂ 400 ಕಿಲೋವೋಲ್ಟ್ ಮಾರ್ಗದಲ್ಲಿ ಘಟ್ಟ ಹತ್ತಿ ಹಾಸನಕ್ಕೂ ಹೋಗುತ್ತದೆ. ಈ ಗಾತ್ರದ ಜನರೇಟರಿಗೆ ಹತ್ತಾರು ರಕ್ಷಣೆಗಳು ಬೇಕು. ಉದಾಹರಣೆಗೆ, ಹಬೆ ನಿಂತ ಮೇಲೂ ಯಂತ್ರ ಜಾಲಕ್ಕೆ ಜೋಡಿಸಿಕೊಂಡೇ ಇದ್ದರೆ ಅದು ಮೋಟರಿನಂತೆ ತಿರುಗಿ ಟರ್ಬೈನಿನ ರೆಕ್ಕೆಗಳನ್ನು ಕಾಯಿಸುತ್ತದೆ. ರಿವರ್ಸ್ ಪವರ್ ರಿಲೇ ಅದನ್ನು ಗುರುತಿಸಿ ಜಾಲದಿಂದ ಬಿಡಿಸುತ್ತದೆ. ಕರಾವಳಿಯ ಮಾರ್ಗಗಳಿಗೆ ಇನ್ನೊಂದು ತೊಡಕು ಮುರಕಲ್ಲಿನ ನೆಲ. ಅದರಲ್ಲಿ ಕರೆಂಟ್ ಸುಲಭವಾಗಿ ಇಳಿಯದು. ಕಾಡಿನ ಕೊಂಬೆ ತಂತಿಗೆ ತಾಗಿ ಹುಟ್ಟುವ ಭೂದೋಷದ ಕರೆಂಟ್ ಸಣ್ಣದಾಗಿಯೇ ಉಳಿದು ಸಾಮಾನ್ಯ ರಿಲೇಯ ಕಣ್ಣು ತಪ್ಪಿಸಬಹುದು. ಸಿಡಿಲಿನ ದೋಷ ಕ್ಷಣಿಕವಾದ್ದರಿಂದ, ಒಂದು ಸೆಕೆಂಡಿನಷ್ಟು ಬಿಟ್ಟು ಬ್ರೇಕರನ್ನು ತಾನಾಗಿ ಮತ್ತೆ ಕೂಡಿಸುವ ಆಟೋ-ರೀಕ್ಲೋಸ್ ವ್ಯವಸ್ಥೆ ಮಳೆಗಾಲದ ಮುಂಚಿನ ದಿನಗಳಲ್ಲಿ ಬಹಳ ಬೇಕಾಗುತ್ತದೆ.

ಎರಡನೆಯ ಘಟಕ ಆರಂಭವಾಗುವ ಕೆಲವೇ ವಾರ ಮೊದಲು, 2012ರ ಜುಲೈ 30 ಮತ್ತು 31ರಂದು, ಉತ್ತರ ಭಾರತ ಕತ್ತಲಾಯಿತು. ಕನ್ನಡದಲ್ಲಿ ಆಗ ಬಂದ ಚರ್ಚೆ ಬಹುತೇಕ ರಾಜ್ಯಗಳು ಮಿತಿ ಮೀರಿ ವಿದ್ಯುತ್ ಎಳೆದ ಸುತ್ತಲೇ ತಿರುಗಿತು. ರಿಲೇಯ ಪಾತ್ರಕ್ಕೆ ಸಾಕಷ್ಟು ಜಾಗ ಸಿಗಲಿಲ್ಲ. ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷ ಎಷ್ಟು ದೂರದಲ್ಲಿದೆ ಎಂದು ಎಣಿಸುತ್ತದೆ. ಅದರ ಮೂರನೆಯ ವಲಯ ಪಕ್ಕದ ಮಾರ್ಗಕ್ಕೂ ಬೆಂಬಲ ಕೊಡಲು ಇರುವಂಥದ್ದು. 30ರ ನಸುಕಿನ 2:33ಕ್ಕೆ ಬಿನಾ–ಗ್ವಾಲಿಯರ್ ಮಾರ್ಗದಲ್ಲಿ ದೋಷವೇ ಇರಲಿಲ್ಲ. ಹೊರೆ ಏರಿ ವೋಲ್ಟೇಜ್ ಕುಸಿದದ್ದರಿಂದ ಭಾಗಲಬ್ಧ ಚಿಕ್ಕದಾಗಿ, ರಿಲೇಯ ಮೂರನೆಯ ವಲಯ ಅದನ್ನೇ ದೋಷವೆಂದು ಎಣಿಸಿ ಮಾರ್ಗವನ್ನು ಬಿಡಿಸಿತು. ಯಂತ್ರ ಕೆಟ್ಟಿರಲಿಲ್ಲ. ಕೊಟ್ಟ ಸೆಟ್ಟಿಂಗಿಗೆ ತಕ್ಕಂತೆಯೇ ನಡೆದಿತ್ತು. ರಿಲೇ ಇತಿಹಾಸದ ನಿಜವಾದ ತಿರುವು ಯಾವುದೆಂದು ಕೇಳಿದರೆ ಹೊಸ ಉಪಕರಣಗಳಿಗಿಂತ ಸೆಟ್ಟಿಂಗಿನ ಈ ಪ್ರಶ್ನೆಗೇ ಹೆಚ್ಚು ತೂಕ.

ದಕ್ಷಿಣದ ಜಾಲ ಆಗ ಉಳಿದ ದೇಶದೊಂದಿಗೆ ಏಕಕಾಲಿಕವಾಗಿ ಬೆಸೆದಿರಲಿಲ್ಲ, ಹಾಗಾಗಿ ಕರ್ನಾಟಕ ಕತ್ತಲಿನಿಂದ ಪಾರಾಯಿತು. ಪೂರ್ತಿ ಪಾರಾಗಲಿಲ್ಲ ಎಂಬುದನ್ನೂ ಸೇರಿಸಬೇಕು. 31ರಂದು ಪೂರ್ವ ಭಾರತದಿಂದ ಬರುತ್ತಿದ್ದ ಸುಮಾರು 2,000 ಮೆಗಾವಾಟ್ ಒಮ್ಮೆಲೇ ನಿಂತು ಆವರ್ತನ 48.88 ಹರ್ಟ್ಸ್‌ಗೆ ಇಳಿಯಿತು. ಅಂಡರ್‌ಫ್ರೀಕ್ವೆನ್ಸಿ ರಿಲೇಗಳು ಸಾವಿರ ಮೆಗಾವಾಟ್ ಹತ್ತಿರದ ಹೊರೆಯನ್ನು ತಾವಾಗಿಯೇ ಕಳಚಿ ಜಾಲವನ್ನು ಉಳಿಸಿದವು. ಡಿಸೆಂಬರ್ 31, 2013ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಬೆಸೆಯಿತು. ಅಂದಿನಿಂದ ಎಲ್ಲೂರಿನ ಯಂತ್ರ ತಿರುಗುವುದು ಪಂಜಾಬಿನ ಯಂತ್ರದ ತಾಳಕ್ಕೇ.

ಈಗಿನ ರಕ್ಷಣಾ ರಿಲೇ ಹೆಚ್ಚಾಗಿ ನ್ಯೂಮರಿಕಲ್, ಅಂದರೆ ಒಂದು ಪುಟ್ಟ ಕಂಪ್ಯೂಟರ್. 1984ರಲ್ಲಿ ಅಮೆರಿಕದ ಎಡ್ಮಂಡ್ ಶ್ವೈಟ್ಜರ್ ಮಾರುಕಟ್ಟೆಗೆ ತಂದ ಡಿಜಿಟಲ್ ಡಿಸ್ಟೆನ್ಸ್ ರಿಲೇಯಿಂದ ಈ ದಾರಿ ತೆರೆಯಿತು. ಟ್ರಿಪ್ ಆದ ಕ್ಷಣದ ಅಲೆಗಳನ್ನು ಅದು ದಾಖಲಿಸಿಡುವುದರಿಂದ ಯಾರ ರಿಲೇ ಮೊದಲು ಬಿಟ್ಟಿತು ಎಂಬ ಜಗಳಗಳು ಈಗ ಮಿಲಿಸೆಕೆಂಡಿನ ಲೆಕ್ಕದಲ್ಲಿ ಬಗೆಹರಿಯುತ್ತವೆ. ಹಳೆಯ ಬಗೆ ಮಾತ್ರ ಪೂರ್ತಿ ಮರೆಯಾಗಿಲ್ಲ. ಕಾಪು, ಕಾರ್ಕಳದ ತೆಂಗು–ಅಡಿಕೆ ತೋಟಗಳ ಪಂಪಿನ ಸ್ಟಾರ್ಟರಿನಲ್ಲಿ, ಬಿಸಿಯಾದರೆ ಬಾಗುವ ಎರಡು ಲೋಹದ ಪಟ್ಟಿಯ ಓವರ್‌ಲೋಡ್ ರಿಲೇಯೂ ಕರೆಂಟ್ ಹೋದಾಗ ಬಿಟ್ಟುಕೊಳ್ಳುವ ನೋ-ವೋಲ್ಟ್ ಕಾಯಿಲೂ ಇಂದಿಗೂ ಇವೆ. ಪದೇಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯನ್ನು ಬಿಟ್ಟು ನೇರ ಜೋಡಿಸಿದ ಸ್ಟಾರ್ಟರಿನಲ್ಲಿ, ಒಂದು ಫೇಸ್ ಹೋದ ದಿನ ಮೊದಲು ಸುಡುವುದು ಮೋಟರಿನ ವೈಂಡಿಂಗ್.