209 ಮಾದರಿಯ ಜಲಾಂತರ್ಗಾಮಿ

209 ಮಾದರಿಯು ಡೀಸೆಲ್ ಮತ್ತು ವಿದ್ಯುತ್ತಿನಿಂದ ಚಲಿಸುವ ಜರ್ಮನ್ ದಾಳಿ ಜಲಾಂತರ್ಗಾಮಿಗಳ ಒಂದು ವರ್ಗ. 1971ರಿಂದ ಈಚೆಗೆ ಹತ್ತಕ್ಕೂ ಹೆಚ್ಚು ದೇಶಗಳ ನೌಕಾಪಡೆಗಳಿಗಾಗಿ ಇಂಥ 60ಕ್ಕೂ ಹೆಚ್ಚು ನೌಕೆಗಳು ಸಿದ್ಧವಾದವು. ಆದರೆ ಇವುಗಳಲ್ಲಿ ಒಂದನ್ನೂ ಜರ್ಮನಿಯ ನೌಕಾಪಡೆ ತನಗಾಗಿ ಇಟ್ಟುಕೊಳ್ಳಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಜಲಾಂತರ್ಗಾಮಿಗಳ ತೂಕಕ್ಕೆ ಒಪ್ಪಂದದ ಮೂಲಕ ಮೊದಲು 350 ಟನ್ನಿನ ಮಿತಿ ಹೇರಲಾಗಿದ್ದು, ಅದು ಹಂತಹಂತವಾಗಿ ಸಡಿಲಗೊಂಡಿತು. ಕಿರಿದಾದ ಒಡಲಿನಲ್ಲಿ ಹೆಚ್ಚು ಬ್ಯಾಟರಿ ಮತ್ತು ಹೆಚ್ಚು ಟಾರ್ಪಿಡೊ ತುಂಬುವ ಕೌಶಲವನ್ನು ಉಲ್ರಿಚ್ ಗಾಬ್ಲರ್ ನೇತೃತ್ವದ ಲ್ಯೂಬೆಕ್ ನಗರದ ವಿನ್ಯಾಸ ಸಂಸ್ಥೆ ಈ ನಿರ್ಬಂಧದ ಅಡಿಯಲ್ಲೇ ರೂಢಿಸಿಕೊಂಡಿತು. ಅದೇ ಕಾಲಕ್ಕೆ ಅಮೆರಿಕ ಪರಮಾಣು ಜಲಾಂತರ್ಗಾಮಿಗಳತ್ತ ಪೂರ್ತಿಯಾಗಿ ಹೊರಳಿದ್ದರಿಂದ, ಅದರಿಂದ ಪಡೆದ ಯುದ್ಧಕಾಲದ ಹಳೆಯ ನೌಕೆಗಳನ್ನೇ ನಂಬಿಕೊಂಡಿದ್ದ ದೇಶಗಳು ಹೊಸ ಮಾರಾಟಗಾರರನ್ನು ಹುಡುಕಬೇಕಾಯಿತು. ಕೀಲ್ ಬಂದರಿನಲ್ಲಿ ನಿರ್ಮಾಣಗೊಂಡು 1971ರಲ್ಲಿ ಗ್ರೀಸ್‌ನ ಸೇವೆಗೆ ಸೇರಿದ ಗ್ಲಾವ್ಕೋಸ್ ಈ ವರ್ಗದ ಮೊದಲ ನೌಕೆ. ಅರ್ಜೆಂಟೀನಾ, ಪೆರು, ಕೊಲಂಬಿಯಾ, ವೆನೆಜುವೆಲಾ, ಟರ್ಕಿ, ಈಕ್ವೆಡಾರ್‌ಗಳು ಆ ದಶಕ ಮುಗಿಯುವ ಮುನ್ನವೇ ಗ್ರಾಹಕರಾದವು.

ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕಾಗುವುದರಿಂದ, ಇಂಥ ನೌಕೆಯು ಮೇಲ್ಮೈಗೆ ಬಂದೋ, ಸ್ನಾರ್ಕೆಲ್ ಎಂಬ ಗಾಳಿಕೊಳವೆಯನ್ನು ನೀರಿನಿಂದ ಮೇಲಕ್ಕೆ ಚಾಚಿಯೋ ಎಂಜಿನ್ ಓಡಿಸಿ ಬ್ಯಾಟರಿಗಳನ್ನು ತುಂಬಿಸಿಕೊಳ್ಳುತ್ತದೆ. ಮುಳುಗಿದ ಮೇಲೆ ಬ್ಯಾಟರಿಯ ವಿದ್ಯುತ್ತಿನಿಂದ ಮೋಟಾರು ತಿರುಗುತ್ತದೆ. ಪರಮಾಣು ನೌಕೆಯ ವೇಗವಾಗಲಿ ದೂರವಾಗಲಿ ಇದಕ್ಕಿಲ್ಲ. ಆದರೆ ಬ್ಯಾಟರಿಯ ಮೇಲೆ ನಿಧಾನವಾಗಿ ಚಲಿಸುವಾಗ ಇದು ಬಹುಮಟ್ಟಿಗೆ ನಿಶ್ಶಬ್ದವಾಗಿರುವುದರಿಂದ, ಶಬ್ದದಿಂದ ಶತ್ರುವನ್ನು ಗುರುತಿಸುವ ಸೋನಾರ್‌ಗೆ ಸುಲಭವಾಗಿ ಸಿಗುವುದಿಲ್ಲ. ಮುಂಭಾಗದಲ್ಲಿ ಎಂಟು ಟಾರ್ಪಿಡೊ ನಳಿಗೆಗಳಿದ್ದರೂ ಆರಂಭದ ನೌಕೆಗಳನ್ನು ನಡೆಸಲು ಮೂವತ್ತು ಚಿಲ್ಲರೆ ಸಿಬ್ಬಂದಿ ಸಾಕಾಗುತ್ತಿದ್ದುದು, ತರಬೇತಾದ ನಾವಿಕರು ವಿರಳವಾದ ಪಡೆಗಳಿಗೆ ಬೆಲೆಯಷ್ಟೇ ಮುಖ್ಯವಾದ ಆಕರ್ಷಣೆಯಾಗಿತ್ತು.

ಈ ವರ್ಗದ ಬಲ ಮತ್ತು ಮಿತಿಗಳೆರಡೂ ಬಯಲಾದದ್ದು 1982ರ ಫಾಕ್ಲೆಂಡ್ಸ್ ಯುದ್ಧದಲ್ಲಿ. ಅರ್ಜೆಂಟೀನಾದ ಸಾನ್ ಲೂಯಿಸ್ ಸಮುದ್ರಕ್ಕಿಳಿದಾಗ ಅದರ ನಾಲ್ಕು ಡೀಸೆಲ್ ಎಂಜಿನ್‌ಗಳಲ್ಲಿ ಒಂದು ಕೆಟ್ಟಿತ್ತು. ಟಾರ್ಪಿಡೊಗಳಿಗೆ ಗುರಿ ಲೆಕ್ಕಹಾಕುವ ಕಂಪ್ಯೂಟರ್ ಗಸ್ತಿನ ನಡುವೆ ಕೈಕೊಟ್ಟಿದ್ದರಿಂದ ಲೆಕ್ಕವನ್ನು ಕೈಯಿಂದಲೇ ಮಾಡಬೇಕಾಯಿತು. ಮೇ ತಿಂಗಳಲ್ಲಿ ಅದು ಬ್ರಿಟಿಷ್ ಹಡಗುಗಳ ಮೇಲೆ ಟಾರ್ಪಿಡೊ ಹಾರಿಸಿದರೂ ಒಂದೂ ಹಡಗಿಗೆ ತಗುಲಲಿಲ್ಲ. ಆದರೂ ಅದೊಂದನ್ನು ಹುಡುಕಲು ಬ್ರಿಟಿಷರು ಹಡಗು, ಹೆಲಿಕಾಪ್ಟರ್‌ಗಳನ್ನು ವಾರಗಟ್ಟಲೆ ತೊಡಗಿಸಿ, ಇಲ್ಲದ ಜಲಾಂತರ್ಗಾಮಿಗಳ ಮೇಲೂ ಟಾರ್ಪಿಡೊ ವ್ಯಯಿಸಿದರು; ಸಾನ್ ಲೂಯಿಸ್ ಸುರಕ್ಷಿತವಾಗಿ ಹಿಂದಿರುಗಿತು. ಒಂದು ಹಡಗನ್ನೂ ಮುಳುಗಿಸದ ಈ ಗಸ್ತನ್ನು ಸೋಲೆಂದು ಕರೆಯುವುದು ಕಷ್ಟ. ಗುರಿ ತಪ್ಪಿಸಿದ್ದು ನೌಕೆಯ ವಿನ್ಯಾಸವಲ್ಲ, ಆಯುಧ ಮತ್ತು ಉಪಕರಣಗಳ ದುಃಸ್ಥಿತಿ.

ಕೆಲವು ದೇಶಗಳಿಗೆ ಈ ಖರೀದಿ ನಿರ್ಮಾಣವಿದ್ಯೆಯ ಪಾಠವೂ ಆಯಿತು. ಭಾರತ 1981ರಲ್ಲಿ ಒಪ್ಪಂದ ಮಾಡಿಕೊಂಡ 209ರ ದೊಡ್ಡ ರೂಪದಲ್ಲಿ ಶಿಶುಮಾರ್ ಮತ್ತು ಶಂಕುಶ್ ಕೀಲ್‌ನಿಂದ ಬಂದರೆ, ಶಾಲ್ಕಿ ಮತ್ತು ಶಂಕುಲ್ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣಗೊಂಡವು. 1992ರಲ್ಲಿ ಸೇವೆಗೆ ಸೇರಿದ ಶಾಲ್ಕಿ ಭಾರತದಲ್ಲಿ ಸಿದ್ಧವಾದ ಮೊದಲ ಜಲಾಂತರ್ಗಾಮಿ. ಆದರೆ ಆ ಎರಡರ ನಂತರ ಆದೇಶಗಳು ನಿಂತುಹೋದದ್ದರಿಂದ ಗಳಿಸಿದ ಕೌಶಲ ಚದುರಿತು. ದಕ್ಷಿಣ ಕೊರಿಯಾ ಹಾಗಾಗಲು ಬಿಡಲಿಲ್ಲ: ಜರ್ಮನರಿಂದ ಕಲಿತದ್ದನ್ನು ಮುಂದುವರಿಸಿ, ಇದೇ ವಿನ್ಯಾಸದಿಂದ ಬೆಳೆಸಿದ ನೌಕೆಗಳನ್ನು 2011ರ ಒಪ್ಪಂದದಂತೆ ಇಂಡೊನೇಷ್ಯಾಕ್ಕೆ ಮಾರಿತು.

ಕೊಳ್ಳುವುದಕ್ಕಿಂತ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ಸಣ್ಣ ನೌಕಾಪಡೆಗಳಿಗೆ ಕಠಿಣವಾಗಿದೆ. ಕಾಲಕಾಲಕ್ಕೆ ಬ್ಯಾಟರಿ ಬದಲಿಸಬೇಕು, ಒತ್ತಡ ತಡೆಯುವ ಒಡಲನ್ನು ಪರೀಕ್ಷಿಸಬೇಕು. ಮೂರೇ ನೌಕೆಗಳಿರುವಲ್ಲಿ ಒಂದು ದುರಸ್ತಿಯಲ್ಲಿದ್ದು ಇನ್ನೊಂದು ತರಬೇತಿಗೆ ಹೋದರೆ ಗಸ್ತಿಗೆ ಉಳಿಯುವುದು ಒಂದೇ. 1981ರಿಂದ ಸೇವೆಯಲ್ಲಿದ್ದ ಇಂಡೊನೇಷ್ಯಾದ ನಂಗಾಲಾ 2021ರ ಏಪ್ರಿಲ್‌ನಲ್ಲಿ ಬಾಲಿಯ ಉತ್ತರಕ್ಕೆ ಟಾರ್ಪಿಡೊ ಅಭ್ಯಾಸದ ವೇಳೆ 53 ಮಂದಿಯೊಂದಿಗೆ ಮುಳುಗಿತು. ಸಾನ್ ಲೂಯಿಸ್‌ನ ದುರಸ್ತಿ ಅರ್ಧಕ್ಕೇ ನಿಂತು 1997ರಲ್ಲಿ ಅದು ನಿವೃತ್ತವಾಯಿತು. 209 ವರ್ಗಕ್ಕೆ ಸೇರದ ಸಾನ್ ಹುವಾನ್ 2017ರಲ್ಲಿ 44 ಮಂದಿಯೊಂದಿಗೆ ಕಳೆದುಹೋದ ನಂತರ ಅರ್ಜೆಂಟೀನಾದ ಬಳಿ ಸಮುದ್ರಕ್ಕಿಳಿಯಬಲ್ಲ ಜಲಾಂತರ್ಗಾಮಿ ಒಂದೂ ಉಳಿಯಲಿಲ್ಲ.